ಆಳು ಸಿಗುತ್ತಿಲ್ಲ ಎನ್ನುವ ಮೊದಲು

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ನಾಲ್ಕು ಜನ ಜಮೀನುದಾರರು ಒಂದೆಡೆ ಸೇರಿದರೆ, ಮಳೆ ಮತ್ತು ಬೆಲೆಯ ಮಾತು ಮುಗಿದ ಮೇಲೆ ಬರುವ ಮಾತು ಒಂದೇ: ಆಳು ಸಿಗುತ್ತಿಲ್ಲ. ನಾಟಿಗೆ ಆಳಿಲ್ಲ, ಹೊಗೆಸೊಪ್ಪು ಮುರಿಯಲು ಆಳಿಲ್ಲ, ರಾತ್ರಿಯೆಲ್ಲ ಸೊಪ್ಪು ಹದಮಾಡುವ ಬ್ಯಾರನ್ ಮುಂದೆ ಎಚ್ಚರವಿದ್ದು ಒಲೆ ನೋಡಿಕೊಳ್ಳಲು ಆಳಿಲ್ಲ. ಪುಕ್ಕಟೆ ಅಕ್ಕಿಯಿಂದ ಜನ ಸೋಮಾರಿಗಳಾದರು ಎಂಬ ವಿವರಣೆಯೂ ಅದರ ಬೆನ್ನಿಗೇ ಬರುತ್ತದೆ. ಆದರೆ ಇದೇ ತಾಲ್ಲೂಕುಗಳ ಆದಿವಾಸಿ ಹಾಡಿಗಳಿಂದ, ಕಾಲೊನಿಗಳಿಂದ ಬೆಳಗಿನ ಜಾವಕ್ಕೇ ಜೀಪು ಹತ್ತಿ ಕೊಡಗಿನ ಕಾಫಿ ತೋಟಗಳಿಗೆ ಹೋಗಿ ಕತ್ತಲಾದ ಮೇಲೆ ಮರಳುವವರನ್ನು ನೋಡಿದರೆ ಆ ವಿವರಣೆ ನಿಲ್ಲುವುದಿಲ್ಲ. ದುಡಿಮೆಗೆ ಹೆದರುವವರು ದಿನಕ್ಕೆ ಅಷ್ಟು ದೂರ ಹೋಗಿ ಬರುವುದಿಲ್ಲ. ಇತ್ತ ಮೈಸೂರು, ನಂಜನಗೂಡುಗಳ ಕಾರ್ಖಾನೆ ಕಚೇರಿಗಳಲ್ಲಿ ಇದೇ ದೂರು ಬೇರೆ ರೂಪದಲ್ಲಿ ಕೇಳಿಬರುತ್ತದೆ: ಹುಡುಗರು ನಿಲ್ಲುವುದಿಲ್ಲ, ನಿಂತರೂ ಮನಸ್ಸಿಟ್ಟು ಮಾಡುವುದಿಲ್ಲ, ಹೊಸದೇನನ್ನೂ ಯೋಚಿಸುವುದಿಲ್ಲ. ಜಗತ್ತಿನಾದ್ಯಂತ ನೌಕರರ ಮನಸ್ಸನ್ನು ಅಳೆಯುವ ಗ್ಯಾಲಪ್ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ತಮ್ಮ ಕೆಲಸದಲ್ಲಿ ನಿಜವಾಗಿ ತೊಡಗಿಕೊಂಡಿದ್ದವರು ಶೇ 21 ಮಾತ್ರ. ಐದರಲ್ಲಿ ನಾಲ್ವರು ಮೈಯನ್ನು ಕೆಲಸಕ್ಕೆ ತಂದು ಮನಸ್ಸನ್ನು ಮನೆಯಲ್ಲೇ ಬಿಟ್ಟಿದ್ದಾರೆ ಎಂದರೆ ಅದು ಒಂದು ಊರಿನ, ಒಂದು ಜಾತಿಯ, ಒಂದು ತಲೆಮಾರಿನ ದೋಷವಾಗಿರಲಾರದು. ಕೆಲಸವನ್ನು ನಾವು ಹೇಗೆ ಕಟ್ಟಿದ್ದೇವೆ ಎನ್ನುವುದರಲ್ಲೇ ಏನೋ ತಪ್ಪಿದೆ. ದುಡಿಯುವವರಲ್ಲಿ ಹೊಸ ಯೋಚನೆಗಳಿಗೆ ಕೊರತೆಯಿಲ್ಲ. ಆ ಯೋಚನೆಗೆ ತೀರ್ಮಾನದಲ್ಲೂ ಫಲದಲ್ಲೂ ಪಾಲು ಕೊಡುವ ಏರ್ಪಾಡು ನಮ್ಮಲ್ಲಿಲ್ಲ. ಇದಕ್ಕೆ ಪುರಾವೆ ಈ ನಾಲ್ಕು ತಾಲ್ಲೂಕುಗಳಲ್ಲೇ ಸಿಗುತ್ತದೆ.

ಬ್ಯಾರನ್ನಿನಿಂದ ಶುರು ಮಾಡೋಣ, ಏಕೆಂದರೆ ಈ ಸೀಮೆಯ ಹಣಕಾಸು ತಿರುಗುವುದೇ ಅದರ ಸುತ್ತ. 1975ರ ಕಾಯ್ದೆಯಂತೆ 1976ರಲ್ಲಿ ತಂಬಾಕು ಮಂಡಳಿ ಬಂತು. ಕರ್ನಾಟಕದಲ್ಲಿ ಮಂಡಳಿಯ ಹರಾಜು 1984ರಲ್ಲಿ ಆರಂಭವಾಯಿತು. ಹುಣಸೂರಿನ ಕಟ್ಟೆಮಳಲವಾಡಿ, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಹರಾಜು ಕಟ್ಟೆಗಳಲ್ಲಿ ಸೊಪ್ಪಿನ ಬೇಲ್ ಮೇಲೆ ಬೀಳುವ ದರ ವರ್ಷದ ಮದುವೆ, ಸಾಲ, ಶಾಲೆ ಫೀಜು ಎಲ್ಲವನ್ನೂ ತೀರ್ಮಾನಿಸುತ್ತದೆ. ಆ ದರವನ್ನು ನಿರ್ಧರಿಸುವುದು ಎಲೆಯ ಬಣ್ಣ, ಮೈ, ಹದ. ಗಿಡದ ಬುಡದಿಂದ ಮೇಲಕ್ಕೆ, ಎಲೆ ಹಣ್ಣಾದ ಹಾಗೆ, ಸರದಿಯಲ್ಲಿ ಎರಡು ಮೂರು ಎಲೆ ಮುರಿಯಬೇಕು. ಒಂದು ದಿನ ಮುಂಚೆ ಮುರಿದರೆ ಹಸಿರು ಉಳಿಯುತ್ತದೆ, ತಡವಾದರೆ ಎಲೆ ಸತ್ವ ಕಳೆದುಕೊಳ್ಳುತ್ತದೆ. ಮುರಿದ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನಲ್ಲಿ ಏರಿಸುತ್ತಾರೆ. ಒಲೆಯ ಬಿಸಿ ಕಬ್ಬಿಣದ ಕೊಳವೆಗಳಲ್ಲಿ ಸುತ್ತಿಬರುತ್ತದೆ, ಹೊಗೆ ಎಲೆಗೆ ತಾಗುವುದಿಲ್ಲ. ಮೊದಲು 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ಬಿಸಿ ಏರಿಸಿ ಆ ಬಣ್ಣ ನಿಲ್ಲಿಸಬೇಕು, ಕೊನೆಗೆ 70 ಡಿಗ್ರಿಯ ಹತ್ತಿರ ಒಯ್ದು ನಡುದಂಟನ್ನು ಒಣಗಿಸಬೇಕು. ಐದಾರು ದಿನಗಳ ಈ ಕೆಲಸದಲ್ಲಿ ಗಾಳಿಕಿಂಡಿಯನ್ನು ಎಷ್ಟು ತೆರೆಯಬೇಕು, ಸೌದೆ ಎಷ್ಟು ಒಟ್ಟಬೇಕು, ಮಳೆಯಲ್ಲಿ ನೆನೆದ ಎಲೆಗೆ ಎಷ್ಟು ಹೊತ್ತು ಹೆಚ್ಚು ಕೊಡಬೇಕು ಎಂಬುದನ್ನು ಥರ್ಮಾಮೀಟರ್ ಪೂರ್ತಿ ಹೇಳುವುದಿಲ್ಲ. ಎಲೆ ಮುಟ್ಟಿ, ಮೂಸಿ, ನೋಡಿ ಹೇಳಬೇಕು. ಮಧ್ಯರಾತ್ರಿ ಅರ್ಧ ಗಂಟೆ ಕಣ್ಣು ಹತ್ತಿದರೆ ಒಂದು ಬ್ಯಾರನ್ ಸೊಪ್ಪು ಕೆಳದರ್ಜೆಗೆ ಇಳಿಯಬಹುದು, ಕಡ್ಡಿ ಬಿದ್ದು ಬೆಂಕಿಯೂ ಹತ್ತಬಹುದು.

ಇಷ್ಟು ಸೂಕ್ಷ್ಮದ ತೀರ್ಮಾನಗಳನ್ನು ಮಾಡುವವರು ಯಾರು? ಎಷ್ಟೋ ಕಡೆ ಮನೆಯವರೇ, ಉಳಿದೆಡೆ ಕೂಲಿಯವರು. ಎಲೆ ಮುರಿಯುವ, ಕಡ್ಡಿಗೆ ಕಟ್ಟುವ, ಒಣಗಿದ್ದನ್ನು ಬಣ್ಣ ನೋಡಿ ಬೇರ್ಪಡಿಸುವ ಕೈಗಳು ಬಹುಪಾಲು ಹೆಂಗಸರವು. ಹರಾಜು ಕಟ್ಟೆಯಲ್ಲಿ ಒಳ್ಳೆಯ ದರ ಬಂದರೂ ಅವರ ಕೂಲಿ ಅಷ್ಟೇ, ಕೆಟ್ಟ ದರ ಬಂದರೂ ಅಷ್ಟೇ. ಹೀಗಿರುವಾಗ ‘ಈ ಎಲೆ ಇನ್ನೆರಡು ದಿನ ಬಿಟ್ಟರೆ ಒಳ್ಳೆಯದು’ ಎಂದು ಆ ಹೆಂಗಸು ಯಾಕೆ ಹೇಳಬೇಕು? ಹೇಳಿದರೆ ಎರಡು ದಿನದ ಕೂಲಿ ಅವಳಿಗೇ ತಪ್ಪುತ್ತದೆ. ಇನ್ನೊಂದು ಉದಾಹರಣೆ ಇದಕ್ಕಿಂತ ಕಟುವಾದದ್ದು. ಇಬ್ಬನಿ ಅಥವಾ ಮಳೆ ನೀರಿನಲ್ಲಿ ತೊಯ್ದ ಹಸಿ ಎಲೆಯಿಂದ ನಿಕೋಟಿನ್ ಕರಗಿ ಚರ್ಮದ ಮೂಲಕ ಮೈಯೊಳಗೆ ಇಳಿಯುತ್ತದೆ. ತಲೆಸುತ್ತು, ವಾಕರಿಕೆ, ವಾಂತಿ ಬರುತ್ತದೆ. ತಂಬಾಕು ಬೆಳೆಯುವ ಹಲವು ದೇಶಗಳ ವೈದ್ಯರು ಗುರುತಿಸಿರುವ ಕಾಯಿಲೆ ಇದು. ಇಬ್ಬನಿ ಆರಿದ ಮೇಲೆ ಸೊಪ್ಪು ಮುರಿಯಲು ಶುರು ಮಾಡುವುದು, ಮೈ ಮುಚ್ಚುವ ಬಟ್ಟೆ, ಕೈಗೆ ಗವಸು — ಪರಿಹಾರ ದುಬಾರಿಯದಲ್ಲ. ತೊಯ್ದ ಸೊಪ್ಪನ್ನು ತೋಳಲ್ಲಿ ಅಪ್ಪಿಕೊಂಡು ಹೊರುವವರಿಗೆ ಅದು ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ. ಆದರೆ ಕೆಲಸದ ಹೊತ್ತನ್ನು ಗೊತ್ತುಮಾಡುವವರು ಬೇರೆ, ವಾಂತಿ ಮಾಡಿಕೊಳ್ಳುವವರು ಬೇರೆ. ಈ ಎರಡು ಸ್ಥಾನಗಳ ನಡುವಿನ ದೂರವೇ ಆಡಳಿತ ಶಾಸ್ತ್ರದ ಮೂಲ ಸಮಸ್ಯೆ. ಅದು ಗಾಜಿನ ಕಟ್ಟಡದ ಕಂಪನಿಯಲ್ಲಿ ಎಷ್ಟಿದೆಯೋ ಹುಣಸೂರಿನ ಹೊಲದಲ್ಲೂ ಅಷ್ಟೇ ಇದೆ.

ಈ ದೂರವನ್ನು ಕಡಿಮೆ ಮಾಡಲು ಹೊರಟವರು ಜಗತ್ತಿನಲ್ಲಿ ಹಲವರು. ಜಪಾನಿನ ಟೊಯೊಟಾ ಕಂಪನಿ 1951ರಲ್ಲಿ ಕಾರ್ಮಿಕರ ಸಲಹೆ ಪದ್ಧತಿಯನ್ನು ಶುರು ಮಾಡಿತು: ಯಂತ್ರದ ಮುಂದೆ ನಿಂತವನು ತನ್ನ ಕೆಲಸದಲ್ಲಿ ಕಂಡ ಸಣ್ಣ ತೊಡಕನ್ನೂ ಅದಕ್ಕೆ ತೋಚಿದ ಪರಿಹಾರವನ್ನೂ ಬರೆದುಕೊಡಬೇಕು, ಮೇಲ್ವಿಚಾರಕ ಅದಕ್ಕೆ ಉತ್ತರ ಹೇಳಬೇಕು. ಜಪಾನಿನವರಿಗೆ ಗುಣಮಟ್ಟದ ಪಾಠ ಹೇಳಿದ ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್ ತನ್ನ 14 ಸೂತ್ರಗಳಲ್ಲಿ ಒಂದನ್ನು ಪೂರ್ತಿಯಾಗಿ ಭಯಕ್ಕೇ ಮೀಸಲಿಟ್ಟ. ಕೆಲಸದ ಜಾಗದಿಂದ ಭಯವನ್ನು ಓಡಿಸದೆ ಗುಣಮಟ್ಟ ಬರದು ಎಂಬುದು ಅವನ ಖಚಿತ ಅಭಿಪ್ರಾಯವಾಗಿತ್ತು. ಅವನ ಹೆಸರಿನ ಬಹುಮಾನವನ್ನು 2002ರಲ್ಲಿ ಗೆದ್ದದ್ದು ಮೈಸೂರಿನ ಹತ್ತಿರವೂ ಕಾರ್ಖಾನೆಯಿರುವ ಟಿವಿಎಸ್ ಮೋಟರ್ ಕಂಪನಿ. ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ದಾದಿಯರ ತಂಡಗಳನ್ನು ಅಭ್ಯಸಿಸಿದಾಗ ಒಂದು ವಿಚಿತ್ರ ಕಂಡಿತು: ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲೇ ಔಷಧಿ ಕೊಡುವಾಗಿನ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಹುಡುಕಿದಾಗ ಅವಳಿಗೆ ಸಿಕ್ಕ ಕಾರಣ, ಅಲ್ಲಿನವರು ತಪ್ಪನ್ನು ಹೆದರದೆ ಹೇಳುತ್ತಿದ್ದರು; ಉಳಿದ ಕಡೆ ಮುಚ್ಚಿಡುತ್ತಿದ್ದರು. ನಮ್ಮ ಕಚೇರಿಗಳಲ್ಲಿ ‘ಎಲ್ಲ ಸರಿಯಿದೆ ಸಾರ್’ ಎಂಬ ವರದಿ ಮೇಲಕ್ಕೆ ಹೋಗುವುದನ್ನು ಕಂಡವರಿಗೆ ಈ ಮಾತಿನ ತೂಕ ತಿಳಿಯುತ್ತದೆ.

ತಿಳಿದವನ ಮಾತು ನಡೆಯುವ ಕೆಲಸವೊಂದು ಈ ಸೀಮೆಯಲ್ಲೇ ಇದೆ. ಪ್ರತಿ ವರ್ಷ ದಸರೆಯ ಗಜಪಯಣ ಹೊರಡುವುದು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ. 750 ಕಿಲೊ ತೂಕದ ಚಿನ್ನದ ಅಂಬಾರಿಯನ್ನು ಎಂಟು ಸಲ ಹೊತ್ತ ಅರ್ಜುನ ಎಚ್.ಡಿ. ಕೋಟೆಯ ಬಳ್ಳೆ ಶಿಬಿರದವನು. ಈ ಆನೆಗಳ ಜೊತೆಗಿರುವ ಮಾವುತರು, ಕಾವಾಡಿಗಳಲ್ಲಿ ಬಹಳ ಮಂದಿ ಜೇನುಕುರುಬರು. ಆನೆಗೆ ಇಂದು ಮನಸ್ಸು ಸರಿಯಿದೆಯೇ, ಮದ ಬರುವ ಲಕ್ಷಣವಿದೆಯೇ, ಜನಜಂಗುಳಿಯ ಸದ್ದಿಗೆ ಅದು ಹೇಗೆ ಪ್ರತಿಕ್ರಿಯಿಸೀತು ಎಂಬ ಪ್ರಶ್ನೆ ಬಂದಾಗ ದೊಡ್ಡ ಹುದ್ದೆಯ ಅಧಿಕಾರಿಯೂ ಪಶುವೈದ್ಯರೂ ಮಾವುತನ ಮುಖ ನೋಡಬೇಕಾಗುತ್ತದೆ. ಬೇರೆ ದಾರಿಯೇ ಇಲ್ಲ, ತಪ್ಪಿದರೆ ಪ್ರಾಣ ಹೋಗುತ್ತದೆ. 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯ ಯಸಳೂರಿನ ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅರ್ಜುನನೇ ಕಾದಾಡಿ ಸತ್ತದ್ದು ಈ ಕೆಲಸ ಎಂಥದ್ದೆಂದು ರಾಜ್ಯಕ್ಕೆಲ್ಲ ತೋರಿಸಿತು. ನನ್ನ ಗಮನ ಇಲ್ಲಿರುವುದು ಒಂದು ಸಂಗತಿಯ ಮೇಲೆ: ಅಪಾಯ ಕಣ್ಣೆದುರು ಇರುವಾಗ ನಾವು ಹುದ್ದೆಯನ್ನು ಬದಿಗಿಟ್ಟು ತಿಳಿದವನನ್ನು ಕೇಳುತ್ತೇವೆ. ಅಪಾಯ ನಿಧಾನವಾಗಿ ಬರುವಾಗ, ಅಂದರೆ ಸೊಪ್ಪಿನ ದರ್ಜೆ ಇಳಿಯುವಾಗ, ಹಾಲು ಒಡೆಯುವಾಗ, ಒಬ್ಬ ಬಾಣಂತಿ ಪಟ್ಟಿಯಿಂದ ಬಿಟ್ಟುಹೋಗುವಾಗ ಕೇಳುವುದಿಲ್ಲ. ಕೇಳಬಲ್ಲೆವು ಎಂಬುದು ಆನೆ ಶಿಬಿರದಲ್ಲಿ ಸಾಬೀತಾಗಿದೆ. ಕಾಡಿನ ದಾರಿ, ಹೆಜ್ಜೆ ಗುರುತುಗಳನ್ನು ಓದಬಲ್ಲ ಈ ಜನರಿಗೆ ಅವರ ಅರಿವಿಗೆ ತಕ್ಕ ಕಾಯಂ ಹುದ್ದೆ, ಸಂಬಳ, ಮನೆ ಸಿಗಬೇಕಾದದ್ದು ಇದೇ ತರ್ಕದ ಮುಂದಿನ ಮೆಟ್ಟಿಲು. ಅದನ್ನು ಹಬ್ಬದ ಸನ್ಮಾನದಿಂದ ತೀರಿಸಲಾಗದು.

ಬಾಣಂತಿಯ ಮಾತು ಬಂದದ್ದರಿಂದ ಆಶಾ ಕಾರ್ಯಕರ್ತೆಯರ ಸಂಗತಿಗೆ ಬರೋಣ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಹುಟ್ಟಿದ ಈ ವ್ಯವಸ್ಥೆ ಹಳ್ಳಿಯ ಪ್ರತಿ ಬಸುರಿಯ, ಪ್ರತಿ ಕೂಸಿನ ಲೆಕ್ಕವನ್ನು ಅದೇ ಹಳ್ಳಿಯ ಒಬ್ಬ ಹೆಂಗಸಿನ ಕೈಗೆ ಕೊಟ್ಟಿತು. ಯಾವ ಮನೆಯಲ್ಲಿ ಅತ್ತೆ ಆಸ್ಪತ್ರೆಗೆ ಬಿಡುವುದಿಲ್ಲ, ಯಾವ ಹಾಡಿಗೆ ಮಳೆಗಾಲದಲ್ಲಿ ಆಂಬುಲೆನ್ಸ್ ಬರದು ಎಂಬುದು ಅವಳಿಗೆ ಗೊತ್ತು. ಆದರೆ ತಾನು ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಸರಿಯಾಗಿ ದಾಖಲಾಗದೆ ಪ್ರೋತ್ಸಾಹಧನ ಕೈತಪ್ಪುತ್ತಿದೆ ಎಂದು ಅವಳು ವರ್ಷಗಳಿಂದ ಹೇಳುತ್ತಿದ್ದಾಳೆ. ತಂತ್ರಾಂಶದ ದೋಷವನ್ನು ಅದನ್ನು ದಿನವೂ ಎದುರಿಸುವವಳೇ ಗುರುತಿಸಿದ್ದಾಳೆ. ಅದನ್ನು ಕೇಳಿಸಲು 2025ರ ಜನವರಿಯಲ್ಲಿ ಸಾವಿರಾರು ಮಂದಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂರಬೇಕಾಯಿತು. ಒಂದು ಒಳ್ಳೆಯ ಆಡಳಿತದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ತಿಂಗಳ ಸಭೆಯಲ್ಲೇ ಮುಗಿಯಬೇಕಾದ ಮಾತು ಅದು. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಈ ಪಾಠವನ್ನು ಬೇಗ ಕಲಿತವರಿದ್ದಾರೆ. ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಡಾ. ಆರ್. ಬಾಲಸುಬ್ರಹ್ಮಣ್ಯಂ ಮುಂದಾಳತ್ವದಲ್ಲಿ 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೆಂಚನಹಳ್ಳಿಯಲ್ಲಿ, ಈಗ ಬೇರೆ ತಾಲ್ಲೂಕಾಗಿರುವ ಸರಗೂರಿನಲ್ಲಿ ಆಸ್ಪತ್ರೆಗಳನ್ನೂ ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳ ಶಾಲೆಯನ್ನೂ ನಡೆಸಿತು. ಹಾಡಿಯ ಜನರ ವಿಶ್ವಾಸವಿಲ್ಲದೆ ಅಂಥ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗದು. ಅದೇ ಬಾಲಸುಬ್ರಹ್ಮಣ್ಯಂ ಮುಂದೆ, ಕೇಂದ್ರ ಸರ್ಕಾರ 2021ರಲ್ಲಿ ರಚಿಸಿದ ಸಾಮರ್ಥ್ಯ ವರ್ಧನೆ ಆಯೋಗದ ಸದಸ್ಯರಾದರು. ಮಿಷನ್ ಕರ್ಮಯೋಗಿಯ ಹೆಸರಿನಲ್ಲಿ ದೇಶದ ಸರ್ಕಾರಿ ನೌಕರರಿಗೆ ತರಬೇತಿ ರೂಪಿಸುವುದು ಆ ಆಯೋಗದ ಹೊಣೆ. ತರಬೇತಿ ಬೇಕು. ಆದರೆ ಮೇಲಿನಿಂದ ಕೆಳಕ್ಕೆ ಪಾಠ ಇಳಿಸುವ ದಾರಿಯಷ್ಟೇ ಅಗಲವಾಗಿ ಕೆಳಗಿನಿಂದ ಮೇಲಕ್ಕೆ ಅನುಭವ ಏರುವ ದಾರಿಯನ್ನೂ ತೆರೆಯದಿದ್ದರೆ ಆ ಪಾಠ ಕಾಡಂಚಿನ ಉಪಕೇಂದ್ರವನ್ನು ಮುಟ್ಟುವುದಿಲ್ಲ.

ಕೇಳುವುದು ಮೊದಲ ಮಾತಾದರೆ, ಫಲದಲ್ಲಿ ಪಾಲು ಎರಡನೆಯದು. ಊರಿನ ಡೇರಿಯನ್ನು ನೋಡಿ. ಬೆಳಿಗ್ಗೆ ಸಂಜೆ ಹಾಲು ಹಾಕಿದ ಕ್ಷಣವೇ ಅದರ ಜಿಡ್ಡಿನಂಶ ಅಳೆದು ಚೀಟಿ ಕೈಗೆ ಬರುತ್ತದೆ, ಬಟವಾಡೆ ಗೊತ್ತಾದ ದಿನಕ್ಕೆ ಬರುತ್ತದೆ, ಸಂಘಕ್ಕೆ ಲಾಭ ಬಂದರೆ ವರ್ಷದ ಕೊನೆಗೆ ಬೋನಸ್ಸೂ ಇರುತ್ತದೆ. ಮಾಡಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವಿನ ಸಂಬಂಧ ಕಣ್ಣಿಗೆ ಕಾಣುವುದರಿಂದ ಹಸುವಿಗೆ ಏನು ತಿನ್ನಿಸಿದರೆ ಜಿಡ್ಡು ಏರುತ್ತದೆ ಎಂದು ಓದುಬರಹ ತಿಳಿಯದ ಹೆಂಗಸೂ ತಾನೇ ಪ್ರಯೋಗ ಮಾಡಿ ಕಂಡುಕೊಳ್ಳುತ್ತಾಳೆ. ಯಾರೂ ಅವಳಿಗೆ ಉತ್ಸಾಹದ ಭಾಷಣ ಮಾಡಿಲ್ಲ. ಅವಳೇ ಮರುದಿನ ಇನ್ನೊಬ್ಬರ ಹೊಲದಲ್ಲಿ ದಿನಗೂಲಿಗೆ ಹೋದಾಗ ಮಾತಾಡದೆ ಹೇಳಿದ್ದಷ್ಟನ್ನು ಮಾಡಿ ಬರುತ್ತಾಳೆ. ಒಬ್ಬಳೇ ವ್ಯಕ್ತಿ, ಎರಡು ಏರ್ಪಾಡು, ಎರಡು ಬಗೆಯ ಮನಸ್ಸು. ಕೆ.ಆರ್. ನಗರದ ನಾಲೆ ಬಯಲಿನ ನಾಟಿಯಲ್ಲೂ ಇದು ಕಾಣುತ್ತದೆ. ಎಕರೆಗಿಷ್ಟು ಎಂದು ಗುತ್ತಿಗೆ ಹಿಡಿದ ಹೆಂಗಸರ ಗುಂಪು ಯಾರು ಪೈರು ಹಂಚಬೇಕು, ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನು ತಾನೇ ಗೊತ್ತುಮಾಡಿಕೊಂಡು ಮೇಲ್ವಿಚಾರಣೆಯಿಲ್ಲದೆ ಕೆಲಸ ಮುಗಿಸುತ್ತದೆ. ಆದರೆ ಗುತ್ತಿಗೆಯಲ್ಲಿ ಒಂದು ದೋಷವೂ ಇದೆ: ಹಣ ವಿಸ್ತೀರ್ಣಕ್ಕೆ ಮಾತ್ರ ಕಟ್ಟಿದ್ದರೆ ಸಾಲಿನ ಅಂತರ ಹದಗೆಡುತ್ತದೆ, ಪೈರು ಆಳಕ್ಕೆ ಹೋಗುತ್ತದೆ. ಆದ್ದರಿಂದ ಪಾಲು ಎಂದರೆ ಬರೀ ವೇಗದ ಬೆಲೆಯಾಗಬಾರದು. ಕೊನೆಯಲ್ಲಿ ಕೈಗೆ ಬರುವ ಬೆಳೆಯ ಗುಣಕ್ಕೂ ಅದು ತಳುಕು ಹಾಕಿಕೊಂಡಿರಬೇಕು.

ಒಡೆತನ ಮನಸ್ಸನ್ನು ಬದಲಿಸುತ್ತದೆ ಎಂಬುದನ್ನು ಹುಣಸೂರಿನ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಈ ತಾಲ್ಲೂಕಿನ ಕಲ್ಲಹಳ್ಳಿಯವರೂ ಇಲ್ಲಿಂದಲೇ ವಿಧಾನಸಭೆಗೆ ಹೋದವರೂ ಆದ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿತು. ನಾಳೆ ಬಿಡಿಸಿದರೆ ಬಿಟ್ಟುಹೋಗಬೇಕಾದ ಗೇಣಿದಾರ ಬದು ಹಾಕಲಾರ, ಬಾವಿ ತೋಡಲಾರ, ಹತ್ತು ವರ್ಷಕ್ಕೆ ಫಲ ಕೊಡುವ ಗಿಡ ನೆಡಲಾರ. ತನ್ನದೆಂದು ಪಹಣಿ ಬಂದವನು ಮಾಡುತ್ತಾನೆ. ಅರಸು ಅವರ ಕಾನೂನನ್ನು ನಾವು ಸಾಮಾಜಿಕ ನ್ಯಾಯದ ಅಧ್ಯಾಯದಲ್ಲಿ ಓದುತ್ತೇವೆ, ಅದು ಸರಿ. ಕೆಲಸದಲ್ಲಿ ಮನಸ್ಸು ತೊಡಗುವುದು ಹೇಗೆ ಎಂಬ ಪ್ರಶ್ನೆಗೂ ಅದೇ ಕರ್ನಾಟಕ ಕೊಟ್ಟ ಅತಿ ದೊಡ್ಡ ಉತ್ತರ ಎಂಬುದು ನನ್ನ ಎಣಿಕೆ. ಎರಡು ವರ್ಷದ ನಂತರ, 1976ರಲ್ಲಿ, ಸಂವಿಧಾನದ 42ನೆಯ ತಿದ್ದುಪಡಿ 43ಎ ವಿಧಿಯನ್ನು ಸೇರಿಸಿ, ಉದ್ಯಮಗಳ ಆಡಳಿತದಲ್ಲಿ ಕಾರ್ಮಿಕರು ಭಾಗವಹಿಸುವಂತೆ ನೋಡಿಕೊಳ್ಳಬೇಕೆಂದು ರಾಜ್ಯಕ್ಕೆ ನಿರ್ದೇಶನ ಕೊಟ್ಟಿತು. ಅದಕ್ಕೂ ಮುಂಚೆ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ, ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಮಾಲೀಕರೂ ಕಾರ್ಮಿಕರೂ ಜೊತೆಗೂಡಿ ಕೂರುವ ಕಾರ್ಯ ಸಮಿತಿಗೆ ಅವಕಾಶವಿತ್ತು. ಹೊಲಕ್ಕೆ ಸಿಕ್ಕ ಒಡೆತನದ ಬಲ ಈ ಎರಡು ಬರಹಗಳಿಗೆ ಸಿಗಲಿಲ್ಲ. ಅವು ಬಹುಪಾಲು ಕಾಗದದ ಮೇಲೇ ಉಳಿದವು.

ಈ ಪಾಲು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಸಾಕ್ಷಿ ಗಡಿಯಾಚೆ ಇದೆ. ಅದೂ ಹೊಗೆಸೊಪ್ಪಿನದ್ದೇ ಕಥೆ. ಬೀಡಿ ಮತ್ತು ಸಿಗಾರ್ ಕಾರ್ಮಿಕರಿಗೆ ರಕ್ಷಣೆ ಕೊಡುವ 1966ರ ಕಾಯ್ದೆಯನ್ನು ಕೇರಳ ಜಾರಿಗೆ ತಂದಾಗ ಮಂಗಳೂರಿನ ಬೀಡಿ ಮಾಲೀಕರು ಅಂದಿನ ಕಣ್ಣೂರು ಜಿಲ್ಲೆಯಲ್ಲಿದ್ದ ತಮ್ಮ ಶಾಖೆಗಳನ್ನು ಮುಚ್ಚಿದರು. ಇಂದಿನ ಕಾಸರಗೋಡು ಆಗ ಅದೇ ಜಿಲ್ಲೆಯ ಭಾಗ. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. 1969ರಲ್ಲಿ ಅವರು ಸರ್ಕಾರದ ನೆರವಿನಿಂದ ತಮ್ಮದೇ ಸಹಕಾರ ಸಂಘ ಕಟ್ಟಿದರು. ಅದು ಕೇರಳ ದಿನೇಶ್ ಬೀಡಿ. ಕಾರ್ಮಿಕರೇ ಸದಸ್ಯರು, ಅವರೇ ಆಡಳಿತ ಮಂಡಳಿಯನ್ನು ಆರಿಸುವವರು. ಬೀಡಿ ಸುತ್ತುವ ಹೊತ್ತಿನಲ್ಲಿ ಒಬ್ಬರು ಪತ್ರಿಕೆ, ಪುಸ್ತಕಗಳನ್ನು ಗಟ್ಟಿಯಾಗಿ ಓದುವುದು, ಓದುವವರ ಪಾಲಿನ ಬೀಡಿಯನ್ನು ಉಳಿದವರು ಸುತ್ತಿಕೊಡುವುದು ಆ ಸೀಮೆಯ ಬೀಡಿ ಕೆಲಸಗಾರರ ಹಳೆಯ ರೂಢಿ. ಕೆಲಸದ ಜಾಗದಲ್ಲಿ ತಲೆಗೂ ಕೆಲಸವಿರಬೇಕು ಎಂಬ ತಿಳಿವಳಿಕೆ ಅದು. ಸಂಘದಲ್ಲಿ ದುಡಿಯುವವರ ಸಂಖ್ಯೆ ಉಚ್ಛ್ರಾಯದಲ್ಲಿ 30,000 ದಾಟಿತು. ಆಮೇಲೆ ಬೀಡಿಯ ಕಾಲ ಇಳಿಯತೊಡಗಿದಾಗ ಅದು ಆಹಾರ ಪದಾರ್ಥ, ಕೊಡೆ, ಸಿದ್ಧ ಉಡುಪುಗಳ ತಯಾರಿಕೆಗೆ ಕೈಹಾಕಿತು. ಹುಣಸೂರು, ಪಿರಿಯಾಪಟ್ಟಣಗಳ ರೈತರಿಗೆ ಇದು ದೂರದ ಸುದ್ದಿಯಲ್ಲ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲೇ ಅನುಮೋದಿಸಿದೆ. ಜನರ ಆರೋಗ್ಯದ ದೃಷ್ಟಿಯಿಂದ ಈ ಬೆಳೆ ಕಡಿಮೆಯಾಗಲೇಬೇಕು, ಆಗುತ್ತದೆ. ಆದರೆ ಅದರ ಬದಲಿಗೆ ಏನು ಎಂಬ ಪ್ರಶ್ನೆಗೆ ಕಚೇರಿಗಳಲ್ಲಿ ಕೂತು ಪಟ್ಟಿ ಮಾಡಿದ ಪರ್ಯಾಯ ಬೆಳೆಗಳು ಹೊಲಕ್ಕೆ ಇಳಿಯುವುದು ಕಷ್ಟ. ಮುಂಗಾರಿನ ಮೊದಲ ಮಳೆಗೆ ನಾಟಿಯಾಗಿ, ಕೆಂಪು ಹಗುರ ಮಣ್ಣಿನಲ್ಲಿ ಬೆಳೆದು, ಖಚಿತ ಮಾರುಕಟ್ಟೆಯಲ್ಲಿ ನಗದು ಕೊಡುವ ಇನ್ನೊಂದು ಬೆಳೆ ಯಾವುದು, ಅದರಲ್ಲಿ ಹೆಂಗಸರಿಗೆ ಎಷ್ಟು ದಿನದ ಕೆಲಸ ಸಿಗುತ್ತದೆ ಎಂಬುದನ್ನು ಬೆಳೆಗಾರರ ಜೊತೆ ಕೂಲಿಯವರನ್ನೂ ಕೂರಿಸಿ ಯೋಚಿಸಬೇಕಾಗಿದೆ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು, ಹೊಟ್ಟೆಗೆ ಮೊದಲು ಕೊಡಿ, ಆಮೇಲೆ ಸಲಹೆ ಕೇಳಿ ಎನ್ನುವುದು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೋಲಾರದ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಕಾರ್ಮಿಕರ ಸಿಟ್ಟು ಸಿಡಿದದ್ದು ಸಂಬಳದ ಲೆಕ್ಕ ತಪ್ಪಿದ್ದಕ್ಕೆ. ಐಫೋನ್ ತಯಾರಾಗುವ ಜಾಗದಲ್ಲೂ ಹಾಜರಾತಿ ಮತ್ತು ಕೂಲಿಯ ಲೆಕ್ಕ ನೇರವಿಲ್ಲದಿದ್ದರೆ ಮಿಕ್ಕಿದ್ದೆಲ್ಲ ಕುಸಿಯುತ್ತದೆ. ಬಾಕಿ ಕೂಲಿ ಇಟ್ಟುಕೊಂಡು ಸಲಹೆ ಪೆಟ್ಟಿಗೆ ತೂಗುಹಾಕುವುದು ಅವಮಾನ. ಎರಡನೆಯದು ಇದಕ್ಕಿಂತ ಆಳವಾದದ್ದು: ಕಾರ್ಮಿಕ ಕೊಟ್ಟ ಸಲಹೆಯಿಂದ ಕೆಲಸ ಬೇಗ ಮುಗಿದರೆ ಮಾಲೀಕ ಅದೇ ಹೊತ್ತಿಗೆ ಇನ್ನಷ್ಟು ಕೆಲಸ ತುರುಕುತ್ತಾನೆ, ಇಲ್ಲವೇ ನಾಲ್ವರಲ್ಲಿ ಒಬ್ಬನನ್ನು ತೆಗೆಯುತ್ತಾನೆ. ಸಲಹೆ ಪದ್ಧತಿಗೆ ಹೆಸರಾದ ಟೊಯೊಟಾ ಕಂಪನಿಯದೇ ಬಿಡದಿ ಕಾರ್ಖಾನೆಯಲ್ಲಿ, 2020ರ ನವೆಂಬರಿನಲ್ಲಿ ಶುರುವಾದ ಬಿಕ್ಕಟ್ಟು ತಿಂಗಳುಗಟ್ಟಲೆ ಎಳೆಯಿತು. ಕೆಲಸದ ಹೊರೆ ಕಾರ್ಮಿಕರ ಮುಖ್ಯ ದೂರುಗಳಲ್ಲಿ ಒಂದಾಗಿತ್ತು. ಸಲಹೆಗೆ ಕಿವಿ ಕೊಟ್ಟ ಮಾತ್ರಕ್ಕೆ ಹೊರೆಯ ಪ್ರಶ್ನೆ ತೀರುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಅದಕ್ಕಾಗಿಯೇ ಉಳಿತಾಯದಲ್ಲಿ ಕಾರ್ಮಿಕನ ಪಾಲು ಮೊದಲೇ ಮಾತಾಗಿರಬೇಕು, ಸಲಹೆಯಿಂದ ಯಾರ ಕೆಲಸವೂ ಹೋಗದು ಎಂಬ ಭರವಸೆ ಬರಹದಲ್ಲಿರಬೇಕು. ಅಮೆರಿಕದ ಉಕ್ಕಿನ ಕಾರ್ಮಿಕ ಮುಖಂಡ ಜೋಸೆಫ್ ಸ್ಕ್ಯಾನ್ಲನ್ 1930ರ ದಶಕದಲ್ಲಿ ಮುಳುಗುತ್ತಿದ್ದ ತನ್ನ ಕಾರ್ಖಾನೆಯನ್ನು ಎತ್ತಿದ್ದು, ಉಳಿದ ಹಣವನ್ನು ಎಲ್ಲರಿಗೂ ಹಂಚುವ ಒಪ್ಪಂದವನ್ನೇ ಬುನಾದಿಯಾಗಿ ಇಟ್ಟುಕೊಂಡ ಪದ್ಧತಿಯಿಂದ. ಮೂರನೆಯದು, ಸಹಕಾರಿಗಳೂ ಮುಳುಗಿವೆಯಲ್ಲ ಎಂಬುದು. ಹೌದು, ಕೆ.ಆರ್. ನಗರ ಸೀಮೆಯ ಚುಂಚನಕಟ್ಟೆಯ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಮುಚ್ಚಿತ್ತು. ಷೇರು ಪತ್ರ ಕೈಯಲ್ಲಿದ್ದರೆ ಸಾಲದು, ಲೆಕ್ಕ ಕಣ್ಣಿಗೆ ಕಾಣಬೇಕು, ಪ್ರಶ್ನಿಸುವ ಬಾಯಿ ಇರಬೇಕು. ಡೇರಿಯ ಚೀಟಿಯಲ್ಲಿ ಲೆಕ್ಕ ದಿನವೂ ಕಾಣುತ್ತದೆ. ದೊಡ್ಡ ಕಾರ್ಖಾನೆಯ ಲೆಕ್ಕ ಸಾಮಾನ್ಯ ಸದಸ್ಯನ ಕೈಗೆ ಸಿಗುವುದು ವಾರ್ಷಿಕ ಸಭೆಯ ದಿನ.

ಇನ್ನೊಂದು ಅಡ್ಡಿಯನ್ನು ಆಡಳಿತದ ಪುಸ್ತಕಗಳು ಹೇಳುವುದಿಲ್ಲ, ಏಕೆಂದರೆ ಅವು ನಮ್ಮ ಊರುಗಳಲ್ಲಿ ಬರೆದವಲ್ಲ. ಅದು ಜಾತಿ. ಜಮೀನಿನವರ ಜಗಲಿಯ ಕೆಳಗೆ ನಿಂತು ಮಾತಾಡಬೇಕಾದ ಮನುಷ್ಯನಿಂದ, ಲೋಟ ಬೇರೆ ಇಟ್ಟವರ ಮನೆಯ ಕೆಲಸಕ್ಕೆ, ಹೊಸ ಯೋಚನೆ ಬರಬೇಕೆಂದು ಬಯಸುವುದು ಅನ್ಯಾಯ. ಗಂಡಸರು ಮಾತಾಡುವಾಗ ಹೆಂಗಸರು ಬಾಯಿ ಹಾಕಬಾರದು ಎಂಬ ಕಟ್ಟುಪಾಡಿರುವ ಕಡೆ, ಸೊಪ್ಪಿನ ದರ್ಜೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳ ತಿಳಿವಳಿಕೆ ಅಲ್ಲೇ ಹೂತುಹೋಗುತ್ತದೆ. ಡೆಮಿಂಗ್ ಹೇಳಿದ ಭಯ ಮೇಲಧಿಕಾರಿಯದ್ದು; ನಮ್ಮಲ್ಲಿ ಅದರ ಅಡಿಯಲ್ಲಿ ಇನ್ನೊಂದು ಪದರವಿದೆ. ಆದ್ದರಿಂದ ಇಲ್ಲಿ ಮೊದಲ ಸುಧಾರಣೆಗೆ ಹಣವೂ ಬೇಡ, ಸಲಹೆಗಾರರೂ ಬೇಡ: ಎಲ್ಲರೂ ಒಂದೇ ಮಟ್ಟದಲ್ಲಿ ಕೂತು, ಒಂದೇ ಬಗೆಯ ಲೋಟದಲ್ಲಿ ಟೀ ಕುಡಿದು, ಹೆಸರು ಹಿಡಿದು ಮರ್ಯಾದೆಯಿಂದ ಕರೆದು ಮಾತಾಡುವುದು. ಇದು ಸಣ್ಣದೆಂದು ಅನ್ನಿಸಿದವರು ಒಂದು ಹಂಗಾಮು ಹೀಗೆ ನಡೆದು ನೋಡಲಿ. ಸಣ್ಣ ಹಿಡುವಳಿದಾರನಿಗೆ ಇದೆಲ್ಲ ಕೈಗೆ ನಿಲುಕದು ಎಂಬ ಮಾತಿಗೂ ಉತ್ತರ ಇದರಲ್ಲಿದೆ. ಅವನಿಗೆ ಬಂಡವಾಳ ಕಡಿಮೆಯಿರಬಹುದು, ಆದರೆ ಕೆಲಸಗಾರರಿಗೂ ಅವನಿಗೂ ನಡುವೆ ಐದು ಹಂತದ ಅಧಿಕಾರಿಗಳಿಲ್ಲ. ದೊಡ್ಡ ಕಂಪನಿಗಳು ಕೋಟಿಗಟ್ಟಲೆ ಸುರಿದು ಪಡೆಯಲು ನೋಡುವ ನೇರ ಮಾತುಕತೆ ಅವನಿಗೆ ಬದುವಿನ ಮೇಲೆಯೇ ಸಿಗುತ್ತದೆ.

ಹಾಗಾದರೆ ಏನು ಮಾಡಬಹುದು? ಹೊಗೆಸೊಪ್ಪಿನ ಬೆಳೆಗಾರರು ಹಂಗಾಮು ಆರಂಭವಾಗುವ ಮುಂಚೆ ಬ್ಯಾರನ್ ನೋಡಿಕೊಳ್ಳುವವರನ್ನೂ ಸೊಪ್ಪು ಮುರಿಯುವ, ಬೇರ್ಪಡಿಸುವ ಹೆಂಗಸರನ್ನೂ ಕೂರಿಸಿಕೊಂಡು ಎರಡು ಮಾತು ಮುಗಿಸಿಕೊಳ್ಳಲಿ: ದಿನಗೂಲಿಯ ಮೇಲೆ, ಹರಾಜಿನಲ್ಲಿ ಮೇಲ್ದರ್ಜೆಯ ದರ ಬಂದ ಬೇಲ್‌ಗೆ ಇಷ್ಟು ಎಂಬ ಪಾಲು; ಇಬ್ಬನಿ ಆರುವ ಮೊದಲು ಸೊಪ್ಪು ಮುರಿಯಬಾರದು ಎಂಬ ಕಟ್ಟುಪಾಡು. ತಂಬಾಕು ಮಂಡಳಿ ತನ್ನ ಬೆಳೆಗಾರರ ಸಭೆಗಳಿಗೆ ಕೂಲಿಯವರನ್ನೂ ಕರೆಯಲಿ. ಸೌದೆ ಉಳಿಸುವ ಒಲೆ, ಚಾವಣಿಗೆ ಶಾಖ ತಡೆಯುವ ಹೊದಿಕೆಗಳ ಪ್ರಯೋಗಗಳ ಫಲಿತಾಂಶವನ್ನು ಒಲೆಯ ಮುಂದೆ ಕೂರುವವರ ಬಾಯಿಂದಲೇ ಕೇಳಲಿ. ಆರೋಗ್ಯ ಇಲಾಖೆ ತಿಂಗಳ ಸಭೆಯಲ್ಲಿ ಆಶಾ ಕಾರ್ಯಕರ್ತೆ ಎತ್ತಿದ ಪ್ರತಿ ಮಾತನ್ನೂ ಬರೆದುಕೊಂಡು, ಮುಂದಿನ ತಿಂಗಳ ಸಭೆಯಲ್ಲಿ ಆದದ್ದು, ಆಗದ್ದು, ಯಾಕೆ ಆಗಲಿಲ್ಲ ಎಂಬುದನ್ನು ಓದಿ ಹೇಳಲಿ. ಆಗದು ಎಂಬ ಉತ್ತರವನ್ನೂ ಜನ ಸಹಿಸುತ್ತಾರೆ, ಉತ್ತರವೇ ಇಲ್ಲದ್ದನ್ನು ಸಹಿಸುವುದಿಲ್ಲ. ಪಂಚಾಯ್ತಿಗಳು ನೀರುಗಂಟಿಯನ್ನೂ ಪೌರಕಾರ್ಮಿಕರನ್ನೂ ಬೇಸಿಗೆಯ ನೀರಿನ ಯೋಜನೆ ಹಾಕುವ ದಿನವೇ ಕರೆಯಲಿ, ಕೊಳಾಯಿ ಒಡೆದ ಮೇಲೆ ಅಲ್ಲ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ. ಈ ನಾಲ್ಕು ತಾಲ್ಲೂಕುಗಳ ಜಮೀನುದಾರರಲ್ಲಿ, ಸಂಘಗಳ ಕಾರ್ಯದರ್ಶಿಗಳಲ್ಲಿ, ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಬರುವ ಹಂಗಾಮಿಗೆ ಆಳು ಹುಡುಕಲು ಹೊರಡುವ ಮೊದಲು, ಕಳೆದ ಹಂಗಾಮಿನಲ್ಲಿ ನಿಮ್ಮಲ್ಲಿ ದುಡಿದು ಬಿಟ್ಟುಹೋದವರ ಮನೆಗೆ ಹೋಗಿ, ಯಾಕೆ ಬಿಟ್ಟಿರಿ, ಏನು ಬದಲಾದರೆ ಮತ್ತೆ ಬರುತ್ತೀರಿ ಎಂದು ಕೇಳಿ, ಅವರು ಹೇಳಿದ್ದರಲ್ಲಿ ಒಂದನ್ನಾದರೂ ಈ ವರ್ಷವೇ ನಡೆಸಿಕೊಡಿ.